ಕರ್ನಲ್ ನಿಧಾನವಾದಾಗ: ಗಿಟ್ ಬೈಸೆಕ್ಟ್ ಮತ್ತು ಪರ್ಫ್ ಜೋಡಿಯ ವಿಮರ್ಶೆ

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಕುಸಿದು ನಿಂತುಹೋದರೆ ತಾನು ಎಲ್ಲಿ ಎಡವಿತೆಂಬುದನ್ನು ಅದೇ ಬರೆದಿಟ್ಟು ಹೋಗುತ್ತದೆ. ಫಂಕ್ಷನ್‌ನ ಹೆಸರು, ವಿಳಾಸ, ಅಲ್ಲಿಗೆ ಬಂದ ಹಾದಿ ಎಲ್ಲವೂ ಪರದೆಯ ಮೇಲಿರುತ್ತವೆ. ನಿಧಾನವಾದ ಕರ್ನಲ್ ಏನನ್ನೂ ಹೇಳುವುದಿಲ್ಲ. ಎಲ್ಲ ಕೆಲಸಗಳೂ ಸರಿಯಾಗಿಯೇ ನಡೆಯುತ್ತಿರುತ್ತವೆ, ಲಾಗ್‌ನಲ್ಲಿ ಎಚ್ಚರಿಕೆಯ ಒಂದು ಸಾಲೂ ಇರುವುದಿಲ್ಲ, ಆದರೆ ಹಿಂದಿನ ಆವೃತ್ತಿಯಲ್ಲಿ ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದ ಕೆಲಸ ಹೊಸ ಆವೃತ್ತಿಯಲ್ಲಿ ಹನ್ನೊಂದು ನಿಮಿಷ ಹಿಡಿಯುತ್ತದೆ. ಆ ಒಂದು ನಿಮಿಷ ಎಲ್ಲಿ ಹೋಯಿತೆಂದು ಹುಡುಕುವವರ ಕೈಯಲ್ಲಿ ಮುಖ್ಯವಾಗಿ ಎರಡು ಉಪಕರಣಗಳಿರುತ್ತವೆ. ಯಾವ ಬದಲಾವಣೆಯಿಂದ ಹೀಗಾಯಿತೆಂಬುದನ್ನು ಗಿಟ್ ಬೈಸೆಕ್ಟ್ ಹುಡುಕಿಕೊಡುತ್ತದೆ. ಆ ಬದಲಾವಣೆ ಹೀಗೇಕೆ ಮಾಡಿತೆಂಬುದನ್ನು ಪರ್ಫ್ ತೋರಿಸುತ್ತದೆ. ಗಿಟ್ 2005ರಲ್ಲಿ ಲಿನಕ್ಸ್ ಕರ್ನಲ್‌ನ ಕೆಲಸಕ್ಕಾಗಿಯೇ ಲಿನಸ್ ಟೊರ್ವಾಲ್ಡ್ಸ್ ಬರೆದ ತಂತ್ರಾಂಶ. ಪರ್ಫ್ 2009ರಲ್ಲಿ 2.6.31ನೆಯ ಆವೃತ್ತಿಯೊಂದಿಗೆ ಕರ್ನಲ್‌ನ ಮೂಲಸಂಕೇತದ ಒಳಗೇ ಸೇರಿಕೊಂಡಿತು. ನಾನು ಇವೆರಡನ್ನೂ ಹಲವು ವರ್ಷಗಳಿಂದ ಬಳಸುತ್ತಿದ್ದರೂ, ಈಚೆಗೆ ವೇಗದ ಒಂದು ಕುಸಿತದ ಬೆನ್ನು ಹತ್ತಿದಾಗಲೇ ಇವುಗಳ ಶಕ್ತಿ ಯಾವುದು, ಇವು ಬಳಸುವವನಿಂದ ಏನನ್ನು ನಿರೀಕ್ಷಿಸುತ್ತವೆ ಎಂಬುದು ನನಗೆ ಸ್ಪಷ್ಟವಾದದ್ದು.

ನಮ್ಮ ತಂಡ ಕರ್ನಲ್‌ನ ಒಂದು ಸ್ವಂತ ಶಾಖೆಯನ್ನು ಇಟ್ಟುಕೊಂಡಿದೆ. ಮುಖ್ಯ ಕರ್ನಲ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ನಮ್ಮ ಶಾಖೆಗೆ ಸೇರಿಸಿಕೊಂಡು, ಅದರ ಮೇಲೆ ನಮ್ಮ ಜಾಲ ಡ್ರೈವರ್‌ನ ಕೆಲಸವನ್ನು ಮುಂದುವರಿಸುತ್ತೇವೆ. 6.5ರಿಂದ 6.6ಕ್ಕೆ ಬಂದ ಮೇಲೆ, ಒಂದು ಕಾರ್ಡಿನಿಂದ ಬಂದ ಪ್ಯಾಕೆಟ್‌ಗಳನ್ನು ಇನ್ನೊಂದಕ್ಕೆ ಸಾಗಿಸುವ ವೇಗ ಶೇಕಡಾ 11ರಷ್ಟು ಇಳಿದಿತ್ತು. ಕರ್ನಲ್‌ನ ಒಂದು ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಬರುತ್ತದೆ, ಪ್ರತಿ ಆವೃತ್ತಿಯಲ್ಲೂ ಸುಮಾರು 14,000 ಕಮಿಟ್‌ಗಳು, ಎಂದರೆ ಮೂಲಸಂಕೇತದಲ್ಲಿ ದಾಖಲಾದ ಬದಲಾವಣೆಗಳು, ಇರುತ್ತವೆ. ಇವುಗಳ ಜೊತೆಗೆ ನಮ್ಮದೇ ಇನ್ನೂರರಷ್ಟು ಸೇರಿಕೊಂಡಿದ್ದವು. ಇಷ್ಟನ್ನು ಓದಿ ಕಾರಣ ಹುಡುಕುವುದು ಯಾರಿಂದಲೂ ಆಗದ ಮಾತು.

ಬೈಸೆಕ್ಟ್‌ನ ಹಿರಿಮೆ ಇರುವುದು ಇಲ್ಲಿಯೇ. ವೇಗವಾಗಿದ್ದ ಒಂದು ಕಮಿಟ್ಟನ್ನೂ ನಿಧಾನವಾಗಿರುವ ಒಂದು ಕಮಿಟ್ಟನ್ನೂ ಅದಕ್ಕೆ ತಿಳಿಸಿದರೆ, ಎರಡರ ನಡುವಿನ ಇತಿಹಾಸವನ್ನು ಸರಿಸುಮಾರು ಅರ್ಧಕ್ಕೆ ಕತ್ತರಿಸಿ ನಡುವಿನ ಕಮಿಟ್ಟನ್ನು ಕೈಗೆ ಕೊಡುತ್ತದೆ. ಅದನ್ನು ಬಿಲ್ಡ್ ಮಾಡಿ (ಓಡಬಲ್ಲ ಕರ್ನಲ್ ಆಗಿ ಕಟ್ಟಿ), ಬೂಟ್ ಮಾಡಿ, ಅಳೆದು ತೀರ್ಪು ಹೇಳಿದರೆ ಉಳಿದರ್ಧವನ್ನು ಮತ್ತೆ ಕತ್ತರಿಸುತ್ತದೆ. ಹದಿನಾಲ್ಕು ಸಾವಿರ ಕಮಿಟ್‌ಗಳಿಗೆ ಹದಿನಾಲ್ಕು ಸುತ್ತುಗಳು ಸಾಕು; ಕಮಿಟ್‌ಗಳು ಎರಡು ಪಟ್ಟಾದರೆ ಹೆಚ್ಚುವುದು ಒಂದೇ ಸುತ್ತು. ಕೊನೆಯಲ್ಲಿ ಅದು ಒಂದೇ ಒಂದು ಕಮಿಟ್ಟಿನತ್ತ ಬೊಟ್ಟುಮಾಡುತ್ತದೆ. ಆ ವಿಭಾಗದ ಸಂಕೇತವನ್ನು ಒಂದು ದಿನವೂ ಓದದವರು ಕೂಡ ಅದನ್ನು ಬರೆದವರ ಮುಂದೆ ನಿಂತು ಇದೇ ಬದಲಾವಣೆಯಿಂದ ವೇಗ ಕುಸಿಯಿತೆಂದು ಹೇಳಬಲ್ಲರು. ಪರಿಣತಿ ಇಲ್ಲದವರ ಕೈಗೆ ಇಷ್ಟು ಬಲ ಕೊಡುವ ಇನ್ನೊಂದು ಉಪಕರಣವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಣ್ಣ ಸಣ್ಣ ಸಂಗತಿಗಳಲ್ಲೂ ಇದನ್ನು ರೂಪಿಸಿದವರ ಅನುಭವ ಕಾಣುತ್ತದೆ. ಒಳ್ಳೆಯದು, ಕೆಟ್ಟದು ಎಂಬ ಮೂಲ ಪದಗಳ ಬದಲು ವೇಗ, ನಿಧಾನ ಎಂಬ ಅರ್ಥ ಕೊಡುವ ನಮ್ಮದೇ ಪದಗಳನ್ನು ಆರಂಭದಲ್ಲೇ ಸೂಚಿಸಬಹುದು. ನಡುರಾತ್ರಿಯ ಒಂಬತ್ತನೆಯ ಸುತ್ತಿನಲ್ಲಿ ತೀರ್ಪು ತಲೆಕೆಳಗಾಗುವುದನ್ನು ಇದು ನಿಜವಾಗಿಯೂ ತಡೆಯುತ್ತದೆ. ಕೊಟ್ಟ ತೀರ್ಪುಗಳೆಲ್ಲ ಸರಳ ಪಠ್ಯವಾಗಿ ಲಾಗ್‌ನಲ್ಲಿ ಉಳಿಯುತ್ತವೆ, ತಪ್ಪಿದ ಸಾಲನ್ನು ಅಳಿಸಿ ಉಳಿದುದನ್ನು ರಿಪ್ಲೇ ಆದೇಶದಿಂದ ಮತ್ತೆ ನಡೆಸಬಹುದು, ಹೀಗಾಗಿ ಒಂದು ತಪ್ಪಿನಿಂದ ಇಡೀ ದಿನದ ಕೆಲಸ ಹಾಳಾಗುವುದಿಲ್ಲ. ಬಿಲ್ಡ್ ಆಗದ ಕಮಿಟ್ ಸಿಕ್ಕರೆ ಸ್ಕಿಪ್ ಎಂದು ದಾಟಿ ಮುಂದೆ ಹೋಗಬಹುದು. ರನ್ ಆದೇಶಕ್ಕೆ ಒಂದು ಸ್ಕ್ರಿಪ್ಟ್ ಕೊಟ್ಟರೆ ಸುತ್ತುಗಳೆಲ್ಲ ತಾವಾಗಿಯೇ ನಡೆಯುತ್ತವೆ: ಸ್ಕ್ರಿಪ್ಟ್ 0 ಎಂದು ಮರಳಿದರೆ ಹಳೆಯ ಸ್ಥಿತಿ, 1ರಿಂದ 127ರವರೆಗೆ ಮರಳಿದರೆ ಹೊಸ ಸ್ಥಿತಿ, ಅದರಲ್ಲಿ 125 ಮಾತ್ರ ಸ್ಕಿಪ್, 127ನ್ನು ಮೀರಿದರೆ ಹುಡುಕಾಟವೇ ನಿಲ್ಲುತ್ತದೆ.

ಆದರೆ ಬೈಸೆಕ್ಟ್ ಒಂದು ವಿಷಯದಲ್ಲಿ ಬಳಸುವವನನ್ನು ಪೂರ್ತಿಯಾಗಿ ನಂಬುತ್ತದೆ. ನಾವು ಕೊಡುವ ಪ್ರತಿ ತೀರ್ಪೂ ನಿಜವೆಂದು ಅದು ತಿಳಿದುಕೊಳ್ಳುತ್ತದೆ, ಒಮ್ಮೆ ಎಸೆದ ಅರ್ಧವನ್ನು ಮತ್ತೆ ತಿರುಗಿ ನೋಡುವುದಿಲ್ಲ. ಕರ್ನಲ್ ಬೂಟ್ ಆಗುತ್ತದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರ ಖಚಿತವಾಗಿರುವುದರಿಂದ ಅಲ್ಲಿ ತೊಂದರೆಯಿಲ್ಲ. ವೇಗ ಹಾಗಲ್ಲ; ಅದೇ ಕರ್ನಲ್, ಅದೇ ಯಂತ್ರ, ಅದೇ ಕೆಲಸವಿದ್ದರೂ ಪ್ರತಿಸಲ ಬೇರೆ ಅಂಕಿ ಬರುತ್ತದೆ. ಒಂದು ಸುತ್ತಿನ ತೀರ್ಪು ತಪ್ಪಾಗುವ ಸಾಧ್ಯತೆ ಕೇವಲ ಶೇಕಡಾ 5 ಎಂದಿಟ್ಟುಕೊಂಡರೂ, ಹದಿನಾಲ್ಕು ಸುತ್ತುಗಳೂ ಸರಿಯಾಗಿರುವ ಸಾಧ್ಯತೆ ಶೇಕಡಾ 49ಕ್ಕೆ ಇಳಿಯುತ್ತದೆ, ಅಂದರೆ ನಾಣ್ಯ ಚಿಮ್ಮಿದಂತಾಗುತ್ತದೆ. ಅದನ್ನು ಶೇಕಡಾ 1ಕ್ಕೆ ಇಳಿಸಿದರೆ ಕೊನೆಯ ಉತ್ತರವನ್ನು ಶೇಕಡಾ 87ರಷ್ಟು ನಂಬಬಹುದು. ಕೈಪಿಡಿಯಲ್ಲಿ ಈ ಲೆಕ್ಕಕ್ಕೆ ಒಂದು ಪುಟವನ್ನಾದರೂ ಮೀಸಲಿಡಬೇಕಿತ್ತು ಎಂಬುದು ಈ ಉಪಕರಣದ ಬಗ್ಗೆ ನನ್ನ ದೊಡ್ಡ ಆಕ್ಷೇಪ. ಅಳತೆಯಲ್ಲಿ ಏರಿಳಿತವಿದ್ದಾಗ ಎಷ್ಟು ಸಲ ಅಳೆಯಬೇಕೆಂಬುದನ್ನು ಬೈಸೆಕ್ಟ್ ಕೇಳುವುದೂ ಇಲ್ಲ, ಸೂಚಿಸುವುದೂ ಇಲ್ಲ.

ನನ್ನ ಮೊದಲ ಪ್ರಯತ್ನ ಹಾಳಾದದ್ದು ಇದರಿಂದಲೇ. ಪ್ರತಿ ಕಮಿಟ್ಟಿಗೆ ಮೂವತ್ತು ಸೆಕೆಂಡಿನ ಒಂದೇ ಅಳತೆ ತೆಗೆದುಕೊಂಡು, ಕಣ್ಣಳತೆಯಲ್ಲಿ ತೀರ್ಪು ಕೊಡುತ್ತ ಹೋದೆ. ಕೊನೆಗೆ ಬೈಸೆಕ್ಟ್ ಹೆಸರಿಸಿದ ಕಮಿಟ್ ನಮ್ಮ ಕಾನ್ಫಿಗ್‌ನಲ್ಲಿ, ಎಂದರೆ ಕರ್ನಲ್‌ನ ಯಾವ ಭಾಗಗಳನ್ನು ಬಿಲ್ಡ್ ಮಾಡಬೇಕೆಂಬ ಆಯ್ಕೆಗಳ ಕಡತದಲ್ಲಿ, ಇರದೇ ಇದ್ದ ಧ್ವನಿ ಡ್ರೈವರ್ ಒಂದರದು. ಆ ಕಡತ ಬಿಲ್ಡ್ ಆಗುವುದೇ ಇಲ್ಲವಾದ್ದರಿಂದ, ಆ ಕಮಿಟ್ಟಿನ ಕರ್ನಲ್‌ಗೂ ಅದರ ಹಿಂದಿನದಕ್ಕೂ ಆವೃತ್ತಿಯ ಗುರುತಿನ ಹೊರತು ವ್ಯತ್ಯಾಸವಿರಲು ಸಾಧ್ಯವಿರಲಿಲ್ಲ, ಎಂದರೆ ಒಂದನ್ನು ವೇಗವೆಂದೂ ಇನ್ನೊಂದನ್ನು ನಿಧಾನವೆಂದೂ ನಾನು ಕೊಟ್ಟ ತೀರ್ಪುಗಳಲ್ಲಿ ಒಂದಾದರೂ ಸುಳ್ಳಾಗಿತ್ತು. ಉತ್ತರ ಇಷ್ಟು ಅಸಂಗತವಾಗಿದ್ದದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಅದು ಜಾಲ ವಿಭಾಗದ ಯಾವುದಾದರೂ ಕಮಿಟ್ ಆಗಿದ್ದಿದ್ದರೆ ನಾನು ನಂಬಿಬಿಡುತ್ತಿದ್ದೆ, ನಿರಪರಾಧಿಯಾದ ಯಾರಿಗೋ ದೂರು ಹೋಗುತ್ತಿತ್ತು.

ಎರಡನೆಯ ಸಲ ಹುಡುಕಾಟ ಆರಂಭಿಸುವ ಮೊದಲು ಎರಡು ದಿನ ಬರೀ ಅಳತೆಗೇ ಕೊಟ್ಟೆ. ಇಲ್ಲಿಂದ ಮುಂದೆ ಪರ್ಫ್‌ನ ಉಪಯೋಗ ಆರಂಭವಾಗುತ್ತದೆ. ಪರ್ಫ್ ಸ್ಟ್ಯಾಟ್ ಎಂಬ ಉಪ ಆದೇಶಕ್ಕೆ ಪುನರಾವರ್ತನೆಯ ಸಂಖ್ಯೆಯನ್ನು ಕೊಟ್ಟರೆ, ಕೆಲಸವನ್ನು ಅಷ್ಟು ಸಲ ಓಡಿಸಿ, ಪ್ರತಿ ಎಣಿಕೆಯ ಸರಾಸರಿಯ ಪಕ್ಕದಲ್ಲಿ ಅದು ಎಷ್ಟು ಅಲುಗಾಡಿತೆಂಬುದನ್ನೂ ಶೇಕಡಾವಾರು ಬರೆಯುತ್ತದೆ. ಆ ಪಕ್ಕದ ಅಂಕಿಯನ್ನು ಬಹಳ ಜನ ನೋಡುವುದೇ ಇಲ್ಲ. ನನ್ನ ಯಂತ್ರದಲ್ಲಿ ಅದು ಶೇಕಡಾ 4ರ ಹತ್ತಿರವಿತ್ತು. ಶೇಕಡಾ 11ರ ಕುಸಿತವನ್ನು ಹಿಡಿಯಲು ಹೊರಟವನಿಗೆ ಅದು ಅತಿಯಾಯಿತು. ಸಿಪಿಯುವಿನ ಆವರ್ತನವನ್ನು ಏರಿಸಿ ಇಳಿಸುವ ಗವರ್ನರನ್ನು ಪರ್ಫಾರ್ಮೆನ್ಸ್ ಸ್ಥಿತಿಗೆ ಹಾಕಿ, ಸಿಪಿಯು ತಾನಾಗಿ ವೇಗ ಹೆಚ್ಚಿಸಿಕೊಳ್ಳುವ ಟರ್ಬೊವನ್ನು ನಿಲ್ಲಿಸಿ, ಪ್ರತಿ ಇಂಟರಪ್ಟನ್ನೂ (ಸಿಪಿಯುವಿನ ಗಮನ ಸೆಳೆಯುವ ಹಾರ್ಡ್‌ವೇರ್ ಕರೆಯನ್ನೂ) ಪ್ರತಿ ಥ್ರೆಡ್ಡನ್ನೂ ಸಿಪಿಯುವಿನ ಒಂದೊಂದು ಕೋರ್‌ಗೆ ಕಟ್ಟಿಹಾಕಿ, ಬೂಟ್ ಆದ ಮೇಲಿನ ಮೊದಲ ಓಟವನ್ನು ಲೆಕ್ಕದಿಂದ ಬಿಟ್ಟ ಮೇಲೆ ಅದು ಶೇಕಡಾ 1ಕ್ಕಿಂತ ಕೆಳಗೆ ಇಳಿಯಿತು. ಪ್ಯಾಕೆಟ್‌ಗಳನ್ನು ಕಳಿಸುವ ಯಂತ್ರವನ್ನು ಬೇರೆಯೇ ಇಟ್ಟು, ಅದರ ಕರ್ನಲ್ಲನ್ನು ಮುಟ್ಟಲಿಲ್ಲ.

ಇನ್ನೊಂದು ಏರಿಳಿತವಿದೆ, ಅದನ್ನು ನಾನು ತಡವಾಗಿ ಗಮನಿಸಿದೆ. ಒಂದೇ ಬೂಟ್‌ನಲ್ಲಿ ಒಂಬತ್ತು ಸಲ ಅಳೆದರೆ ಅಂಕಿಗಳು ಒಂದರ ಪಕ್ಕ ಒಂದು ಕೂರುತ್ತವೆ; ಯಂತ್ರವನ್ನು ಮತ್ತೆ ಬೂಟ್ ಮಾಡಿ ಒಂಬತ್ತು ಸಲ ಅಳೆದರೆ ಅವೂ ಹಾಗೆಯೇ ಕೂರುತ್ತವೆ, ಆದರೆ ಬೇರೊಂದು ಜಾಗದಲ್ಲಿ. ಪ್ರತಿ ಬೂಟ್‌ನಲ್ಲೂ ಮೆಮೊರಿಯ ಪುಟಗಳು ಬೇರೆ ಬೇರೆ ಕಡೆ ಹಂಚಿಕೆಯಾಗುತ್ತವೆ, ಕರ್ನಲ್‌ನ ವಿಳಾಸವನ್ನು ಕೆಎಎಸ್‌ಎಲ್‌ಆರ್ ಎಂಬ ಸುರಕ್ಷತಾ ವ್ಯವಸ್ಥೆ ಪ್ರತಿಸಲ ಬೇರೆಡೆಗೆ ಸರಿಸುತ್ತದೆ, ಆದ್ದರಿಂದ ಸಿಪಿಯುವಿನೊಳಗಿನ ಚಿಕ್ಕ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಯಾವುದು ಯಾವುದರ ಮೇಲೆ ಬೀಳುತ್ತದೆಂಬುದೂ ಬದಲಾಗುತ್ತದೆ. ಒಂದೇ ಬೂಟ್‌ನಲ್ಲಿ ಎಷ್ಟು ಸಲ ಅಳೆದರೂ ಈ ವ್ಯತ್ಯಾಸ ಕಾಣಿಸುವುದಿಲ್ಲ, ಅಳತೆ ಗಟ್ಟಿಯಾಗಿದೆಯೆಂಬ ಸುಳ್ಳು ಧೈರ್ಯ ಮಾತ್ರ ಬರುತ್ತದೆ. ಪರೀಕ್ಷೆಯ ಅವಧಿಗೆ ಕೆಎಎಸ್‌ಎಲ್‌ಆರ್ ನಿಲ್ಲಿಸಿ, ಪ್ರತಿ ಕಮಿಟ್ಟನ್ನೂ ಮೂರು ಸಲ ಬೂಟ್ ಮಾಡಿ, ಒಂದೊಂದು ಬೂಟ್‌ನಲ್ಲೂ ಒಂಬತ್ತು ಓಟಗಳ ಮಧ್ಯಾಂಕ ತೆಗೆದುಕೊಂಡೆ. ಹಳೆಯ ಕರ್ನಲ್‌ನ ವೇಗವನ್ನು 100 ಎಂದಿಟ್ಟುಕೊಂಡರೆ ಹೊಸದು 89ರ ಆಸುಪಾಸಿನಲ್ಲೇ ನಿಂತಿತು, ಎರಡು ಗುಂಪುಗಳ ಅಂಕಿಗಳು ಎಲ್ಲಿಯೂ ಒಂದರೊಳಗೊಂದು ಬೆರೆಯಲಿಲ್ಲ. ಆಗ ಮಾತ್ರ 95ರಲ್ಲಿ ಗೆರೆ ಎಳೆಯುವ ಧೈರ್ಯ ಬಂತು.

ಗೆರೆಯನ್ನು ಎಲ್ಲಿ ಎಳೆಯುತ್ತೇವೆಂಬುದು ಕೂಡ ಉತ್ತರವನ್ನು ನಿರ್ಧರಿಸುತ್ತದೆ. ಕುಸಿತಕ್ಕೆ ಒಂದೇ ಕಾರಣವಿದೆಯೆಂಬುದು ಬೈಸೆಕ್ಟ್‌ನ ಊಹೆ. ಶೇಕಡಾ 6ರ ಒಂದು ಕುಸಿತ, ಮುಂದೆಲ್ಲೋ ಶೇಕಡಾ 5ರ ಇನ್ನೊಂದು ಎಂದಿದ್ದರೆ, 97ರಲ್ಲಿ ಎಳೆದ ಗೆರೆ ಮೊದಲನೆಯದನ್ನು ಹಿಡಿಯುತ್ತದೆ, 92ರಲ್ಲಿ ಎಳೆದದ್ದು ಎರಡನೆಯದನ್ನು. ನಡುವೆ ಯಾರೋ ಮಾಡಿದ ಒಂದು ಸುಧಾರಣೆ ಅರ್ಧ ಕುಸಿತವನ್ನು ಮುಚ್ಚಿಹಾಕಿದ್ದರೆ ಲೆಕ್ಕ ಇನ್ನೂ ತೊಡಕಾಗುತ್ತದೆ. ಹೀಗಾಗಿ ನನ್ನ ಸ್ಕ್ರಿಪ್ಟ್‌ನಲ್ಲಿ 93 ಮತ್ತು 97ರ ನಡುವೆ ಅಂಕಿ ಬಂದರೆ ಮತ್ತೆರಡು ಬೂಟ್ ಮಾಡಿ ಅಳೆಯುವಂತೆಯೂ, ಆಗಲೂ ಅಲ್ಲೇ ನಿಂತರೆ 128 ಎಂದು ಮರಳಿ ಹುಡುಕಾಟವನ್ನೇ ನಿಲ್ಲಿಸುವಂತೆಯೂ ಮಾಡಿದೆ. ಇಂಥ ಜಾಗದಲ್ಲಿ ಸ್ಕಿಪ್ ಬಳಸುವುದು ಸುಲಭವಾದರೂ ಸರಿಯಲ್ಲ. ನಡುವಿನ ಅಂಕಿ ಬಂದಿದೆಯೆಂದರೆ ಅಲ್ಲಿ ಇನ್ನೊಂದು ಕಾರಣ ಅಡಗಿರಬಹುದು, ಅದನ್ನು ಮನುಷ್ಯನ ಕಣ್ಣು ನೋಡಬೇಕು.

ಕರ್ನಲ್‌ನ ಹುಡುಕಾಟಕ್ಕೆ ಬೈಸೆಕ್ಟ್‌ನ ರನ್ ಆದೇಶ ನೇರವಾಗಿ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಸ್ಕ್ರಿಪ್ಟ್ ಓಡುವ ಯಂತ್ರವನ್ನೇ ಬೂಟ್ ಮಾಡಿದರೆ ಸ್ಕ್ರಿಪ್ಟ್ ಕೂಡ ಸತ್ತಂತೆ. ಬಿಲ್ಡ್ ಮಾಡುವ ಯಂತ್ರ ಬೇರೆ, ಪರೀಕ್ಷೆಗೆ ಒಳಗಾಗುವ ಯಂತ್ರ ಬೇರೆ ಇಟ್ಟುಕೊಂಡು, ಕರ್ನಲ್ಲನ್ನು ಅತ್ತ ಸಾಗಿಸಿ, ಅದು ಎದ್ದು ಬರುವವರೆಗೆ ಕಾದು, ಬಾರದಿದ್ದರೆ ವಿದ್ಯುತ್ ಕಡಿದು ಹಳೆಯ ಕರ್ನಲ್‌ಗೆ ಮರಳಿಸುವ ವ್ಯವಸ್ಥೆಯನ್ನೆಲ್ಲ ನಾವೇ ಕಟ್ಟಿಕೊಳ್ಳಬೇಕು. ವರ್ಚುವಲ್ ಯಂತ್ರದಲ್ಲಿ ಇದು ಸುಲಭ, ಆದರೆ ಅಲ್ಲಿ ಹಾರ್ಡ್‌ವೇರ್ ಎಣಿಕೆಗಳು ಎಲ್ಲ ಸಲವೂ ಸಿಗುವುದಿಲ್ಲ, ಸಿಕ್ಕ ವೇಗವೂ ನಿಜ ಯಂತ್ರದ ವೇಗವಲ್ಲ.

ಕಾನ್ಫಿಗ್ ಕಡತದ ವಿಷಯದಲ್ಲಿ ಎಷ್ಟು ಎಚ್ಚರಿಕೆ ಹೇಳಿದರೂ ಕಡಿಮೆಯೇ. ಹಿಂದಿನ ಕಮಿಟ್ಟಿಗೆ ಹೋದಾಗ ಅಲ್ಲಿ ಇಲ್ಲದ ಆಯ್ಕೆಗಳನ್ನು ಬಿಲ್ಡ್ ವ್ಯವಸ್ಥೆ ಸದ್ದಿಲ್ಲದೆ ಕಡತದಿಂದ ಅಳಿಸುತ್ತದೆ, ಮತ್ತೆ ಮುಂದಕ್ಕೆ ಬಂದಾಗ ಅವು ನಮ್ಮ ಹಳೆಯ ಬೆಲೆಯ ಬದಲು ಮೂಲನಿಯತ (ಡೀಫಾಲ್ಟ್) ಬೆಲೆಯೊಂದಿಗೆ ಮರಳುತ್ತವೆ. ನಾಲ್ಕು ಸಲ ಹಿಂದೆ ಮುಂದೆ ಹೋಗುವಷ್ಟರಲ್ಲಿ ನಾವು ಅಳೆಯುತ್ತಿರುವುದು ಬೇರೆಯೇ ಕರ್ನಲ್ ಆಗಿರುತ್ತದೆ. ಪ್ರತಿ ಸುತ್ತಿನಲ್ಲೂ ಮೂಲ ಕಾನ್ಫಿಗ್‌ನ ಪ್ರತಿಯಿಂದಲೇ ಆರಂಭಿಸುವುದು ಇದಕ್ಕಿರುವ ಉಪಾಯ. ಕಂಪೈಲರ್, ಬೆಂಚ್‌ಮಾರ್ಕ್, ಪರ್ಫ್ ಮೂರೂ ಮೊದಲಿನಿಂದ ಕೊನೆಯವರೆಗೆ ಒಂದೇ ಆವೃತ್ತಿಯವಾಗಿರಬೇಕು.

ಸುತ್ತಿಗೆ ಅರ್ಧ ಗಂಟೆಯಂತೆ ಏಳು ಗಂಟೆ ಓಡಿ, ಬೆಳಗಿನ ಹೊತ್ತಿಗೆ ಬೈಸೆಕ್ಟ್ ಮುಗಿದಿತ್ತು. ಹೆಸರಿಸಿದ್ದು ಮುಖ್ಯ ಕರ್ನಲ್‌ನ ಕಮಿಟ್ಟನ್ನಲ್ಲ, ನಮ್ಮದೇ ತಂಡದ್ದನ್ನು. ಡ್ರೈವರ್‌ನ ಮುಖ್ಯ ಸ್ಟ್ರಕ್ಟ್‌ಗೆ (ಮೆಮೊರಿಯಲ್ಲಿ ಒಟ್ಟಿಗೆ ಇಡುವ ದತ್ತಾಂಶದ ಗುಂಪಿಗೆ) ನಾಲ್ಕು ಬೈಟ್‌ನ ಒಂದು ಎಣಿಕೆಯನ್ನು ಅದು ಸೇರಿಸಿತ್ತು. ಒಂದು ಬಗೆಯ ಪ್ಯಾಕೆಟ್ ಬಂದಾಗಲೆಲ್ಲ ಆ ಎಣಿಕೆ ಒಂದರಿಂದ ಹೆಚ್ಚುತ್ತಿತ್ತು, ಅಷ್ಟೆ. ಆ ಪ್ಯಾಚಿಗೆ ಒಪ್ಪಿಗೆ ನೀಡಿದವರಲ್ಲಿ ನಾನೂ ಒಬ್ಬ. ಎಣಿಕೆ ಕೂತದ್ದು ಸ್ಟ್ರಕ್ಟ್‌ನ ನಡುವೆ ಮೊದಲೇ ಖಾಲಿ ಇದ್ದ ನಾಲ್ಕು ಬೈಟ್‌ಗಳ ತೆರವಿನಲ್ಲಿ, ಹೀಗಾಗಿ ಗಾತ್ರ ಒಂದು ಬೈಟೂ ಬೆಳೆದಿರಲಿಲ್ಲ. ಅದನ್ನು ನಾವೆಲ್ಲ ಆಗ ಒಳ್ಳೆಯ ಗುಣವೆಂದೇ ಮೆಚ್ಚಿದ್ದೆವು. ಶಾಖೆಯ ತುದಿಯಲ್ಲಿ ಆ ಒಂದು ಕಮಿಟ್ಟನ್ನು ಮಾತ್ರ ಹಿಂತೆಗೆದು ಅಳೆದರೆ ವೇಗ ಮರಳಿ 100ಕ್ಕೆ ಬಂತು. ಈ ಹಿಂತೆಗೆತದ ಪರೀಕ್ಷೆಯನ್ನು ಯಾರೂ ಬಿಡಬಾರದು, ಏಕೆಂದರೆ ಬೈಸೆಕ್ಟ್‌ನ ಉತ್ತರವನ್ನು ಒರೆಗೆ ಹಚ್ಚಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಯಾವ ಕಮಿಟ್ ಎಂದು ತಿಳಿದರೂ ಏಕೆಂದು ತಿಳಿದಿರಲಿಲ್ಲ. ಇಲ್ಲಿ ಪರ್ಫ್ ಸ್ಟ್ಯಾಟ್ ಮೊದಲು ಕೊಟ್ಟ ಸುಳಿವೇ ಅರ್ಧ ಉತ್ತರವಾಗಿತ್ತು. ಒಂದು ಪ್ಯಾಕೆಟ್ಟಿಗೆ ಸಿಪಿಯು ನಡೆಸಿದ ಸೂಚನೆಗಳ ಸಂಖ್ಯೆ ಹಳೆಯ ಕರ್ನಲ್‌ನಲ್ಲೂ ಹೊಸದರಲ್ಲೂ ಬಹುತೇಕ ಒಂದೇ ಇತ್ತು, ಆದರೆ ಅದಕ್ಕೆ ತಗುಲಿದ ಸೈಕಲ್‌ಗಳು (ಸಿಪಿಯುವಿನ ಗಡಿಯಾರದ ಮಿಡಿತಗಳು) ಹೆಚ್ಚಾಗಿದ್ದವು. ಈ ಎರಡು ಅಂಕಿಗಳನ್ನು ಮೊದಲು ತಾಳೆ ನೋಡುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಸೂಚನೆಗಳೇ ಹೆಚ್ಚಾಗಿದ್ದರೆ ಕರ್ನಲ್ ಹೆಚ್ಚು ಕೆಲಸ ಮಾಡುತ್ತಿದೆ, ಎಲ್ಲೋ ಹೊಸ ತಪಾಸಣೆ ಸೇರಿದೆ ಅಥವಾ ಉದ್ದದ ದಾರಿ ಹಿಡಿದಿದೆ. ಸೂಚನೆಗಳು ಅಷ್ಟೇ ಇದ್ದು ಸೈಕಲ್ ಹೆಚ್ಚಾಗಿದ್ದರೆ ಅದು ಕಾಯುತ್ತಿದೆ, ಬಹಳ ಸಲ ಮೆಮೊರಿಗಾಗಿ. ಎರಡೂ ಬದಲಾಗದೆ ಗಡಿಯಾರದ ಸಮಯ ಮಾತ್ರ ಹೆಚ್ಚಾಗಿದ್ದರೆ ಸಿಪಿಯುವಿನ ಆವರ್ತನ ಇಳಿದಿರಬಹುದು, ಇಲ್ಲವೇ ಕೆಲಸ ಲಾಕಿಗೋ ಡಿಸ್ಕಿಗೋ ಕಾದು ಮಲಗಿರಬಹುದು. ಆಗ ನೋಡಬೇಕಾದದ್ದು ಪರ್ಫ್ ಶೆಡ್ ಎಂಬ ಬೇರೆ ಉಪ ಆದೇಶ. ಎರಡು ಅಂಕಿಗಳಿಂದ ಹುಡುಕಾಟದ ಮೂರನೆಯ ಎರಡು ಭಾಗ ಕಳಚಿಬೀಳುತ್ತದೆ.

ಮುಂದಿನ ಹೆಜ್ಜೆ ಪರ್ಫ್ ರೆಕಾರ್ಡ್. ನಿಗದಿತ ಅಂತರದಲ್ಲಿ ಸಿಪಿಯು ಏನು ಮಾಡುತ್ತಿದೆಯೆಂಬ ಮಾದರಿಗಳನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಎರಡೂ ಕರ್ನಲ್‌ಗಳ ದಾಖಲೆಯನ್ನು ಪರ್ಫ್ ಡಿಫ್‌ಗೆ ಕೊಟ್ಟಾಗ, ಪಟ್ಟಿಯ ತುದಿಯಲ್ಲಿ ಪ್ಯಾಕೆಟ್ ಸ್ವೀಕರಿಸುವ ನಮ್ಮ ಫಂಕ್ಷನ್ ಬಂದು ನಿಂತಿತು, ಅದರ ಪಾಲು ಗಣನೀಯವಾಗಿ ಏರಿತ್ತು. ಪರ್ಫ್ ಆನೊಟೇಟ್‌ನಲ್ಲಿ ಅದೇ ಫಂಕ್ಷನ್ನನ್ನು ಸೂಚನೆ ಸೂಚನೆಯಾಗಿ ಬಿಡಿಸಿದರೆ, ಹೆಚ್ಚಿದ ಮಾದರಿಗಳಷ್ಟೂ ಒಂದೇ ಹೋಲಿಕೆಯ ಸೂಚನೆಯ ಮೇಲೆ ಗುಂಪುಗೂಡಿದ್ದವು. ಒಂದು ರಿಜಿಸ್ಟರ್ ಸೊನ್ನೆಯೇ ಎಂದು ನೋಡುವ ಆ ಸೂಚನೆಗೆ ಅಷ್ಟು ಹೊತ್ತು ಹಿಡಿಯಲು ಸಾಧ್ಯವಿಲ್ಲ. ಹೊಸಬರನ್ನು ದಾರಿ ತಪ್ಪಿಸುವ ಜಾಗ ಇದು. ಮಾದರಿ ತೆಗೆಯುವ ಇಂಟರಪ್ಟ್ ಬರುವುದು ತುಸು ತಡವಾಗಿ, ಆದ್ದರಿಂದ ನಿಜವಾಗಿ ಕಾಯುತ್ತಿದ್ದ ಸೂಚನೆಯ ಬದಲು ಅದರ ಮುಂದಿನದರ ಮೇಲೆ ಆರೋಪ ಬೀಳುತ್ತದೆ. ಹೋಲಿಕೆಯ ಮೇಲಿನ ಸಾಲನ್ನು ನೋಡಿದರೆ, ಸ್ಟ್ರಕ್ಟ್‌ನಿಂದ ಒಂದು ಪಾಯಿಂಟರನ್ನು (ಮೆಮೊರಿಯ ವಿಳಾಸವೊಂದನ್ನು) ಓದುವ ಸೂಚನೆ ಅಲ್ಲಿತ್ತು. ಡ್ರೈವರ್ ಆರಂಭವಾದಾಗ ಒಮ್ಮೆ ಬರೆದು ಮತ್ತೆಂದೂ ಬದಲಾಗದ ಪಾಯಿಂಟರ್ ಅದು. ಪ್ರತಿ ಕೋರ್‌ನ ಕ್ಯಾಶ್‌ನಲ್ಲೂ ಸದಾ ಸಿದ್ಧವಾಗಿರಬೇಕಿತ್ತು.

ಪರ್ಫ್‌ನಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಭಾಗ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಪರ್ಫ್ ಸಿಟುಸಿ 2017ರಲ್ಲಿ 4.10ನೆಯ ಆವೃತ್ತಿಯೊಂದಿಗೆ ಬಂದ ಉಪ ಆದೇಶ. ಒಂದು ಕೋರ್‌ನ ಕ್ಯಾಶ್‌ನಿಂದ ಇನ್ನೊಂದಕ್ಕೆ ನಡೆಯುವ ಸಾಗಾಟವನ್ನು ಹಿಡಿಯುವುದು ಅದರ ಕೆಲಸ. ಈಗ ಬಳಕೆಯಲ್ಲಿರುವ ಹೆಚ್ಚಿನ ಪ್ರೊಸೆಸರ್‌ಗಳಲ್ಲಿ ಮೆಮೊರಿ 64 ಬೈಟ್‌ಗಳ ಸಾಲುಗಳಾಗಿ ಕ್ಯಾಶ್‌ಗೆ ಬರುತ್ತದೆ. ಆ ಸಾಲಿನ ಒಂದು ಬೈಟನ್ನು ಒಂದು ಕೋರ್ ಬರೆದರೆ ಉಳಿದ ಕೋರ್‌ಗಳಲ್ಲಿರುವ ಇಡೀ ಸಾಲು ರದ್ದಾಗುತ್ತದೆ, ಅದೇ ಸಾಲಿನ ಬೇರೆ ಬೈಟನ್ನು ಬರೀ ಓದಬೇಕಾದವರೂ ಅದನ್ನು ಬರೆದವರ ಕ್ಯಾಶ್‌ನಿಂದ ಮತ್ತೆ ತರಿಸಿಕೊಳ್ಳಬೇಕು. ಇದನ್ನು ಫಾಲ್ಸ್ ಶೇರಿಂಗ್ ಎನ್ನುತ್ತಾರೆ. ಸಿಟುಸಿ ಕೊಟ್ಟ ಕೋಷ್ಟಕದ ಮೊದಲ ಸಾಲಿನಲ್ಲೇ ನಮ್ಮ ಸ್ಟ್ರಕ್ಟ್‌ನ ವಿಳಾಸವಿತ್ತು. ಬಿಡಿಸಿ ನೋಡಿದರೆ, ಒಂದೇ ಕ್ಯಾಶ್ ಸಾಲಿನ 24ನೆಯ ಬೈಟ್‌ನಿಂದ ಎಲ್ಲ ಕೋರ್‌ಗಳೂ ಪಾಯಿಂಟರ್ ಓದುತ್ತಿದ್ದವು, 36ನೆಯ ಬೈಟ್‌ನಲ್ಲಿ ಎಲ್ಲ ಕೋರ್‌ಗಳೂ ಹೊಸ ಎಣಿಕೆಯನ್ನು ಬರೆಯುತ್ತಿದ್ದವು. ಫಂಕ್ಷನ್‌ನ ಹೆಸರು, ಮೂಲಸಂಕೇತದ ಸಾಲಿನ ಸಂಖ್ಯೆ ಎರಡೂ ಪಕ್ಕದಲ್ಲೇ ಇದ್ದವು. ಎರಡು ದಿನದ ಅಳತೆ, ಒಂದು ರಾತ್ರಿಯ ಬೈಸೆಕ್ಟ್ ಆದ ಮೇಲೆ ಈ ಎರಡು ಸಾಲುಗಳನ್ನು ಒಟ್ಟಿಗೆ ಕಂಡಾಗ ಆದ ಸಮಾಧಾನ ದೊಡ್ಡದು.

ಕಮಿಟ್ ಸಿಕ್ಕರೆ ಕಾರಣವೂ ಸಿಕ್ಕಿತೆಂದು ತಿಳಿಯಬಾರದೆಂಬುದಕ್ಕೆ ಮುಖ್ಯ ಕರ್ನಲ್‌ನಲ್ಲೂ ಒಳ್ಳೆಯ ಉದಾಹರಣೆಗಳಿವೆ. 2020ರಲ್ಲಿ 5.9ನೆಯ ಆವೃತ್ತಿ ಸಿದ್ಧವಾಗುತ್ತಿದ್ದಾಗ ಹಲವು ಬೆಂಚ್‌ಮಾರ್ಕ್‌ಗಳು ಕುಸಿದವು. ಬೈಸೆಕ್ಟ್ ಮಾಡಿದವರಿಗೆ ಸಿಕ್ಕಿದ್ದು ಟೊರ್ವಾಲ್ಡ್ಸ್ ಅವರೇ ಬರೆದ, ಮೆಮೊರಿ ಪುಟದ ಲಾಕನ್ನು ಸರದಿಯಲ್ಲಿ ಕಾಯುತ್ತಿರುವವರಿಗೇ ನೇರವಾಗಿ ಹಸ್ತಾಂತರಿಸುವ ಬದಲಾವಣೆ. ಆ ಬದಲಾವಣೆಯಲ್ಲಿ ತಪ್ಪೇನೂ ಇರಲಿಲ್ಲ, ಹಿಂದಿಗಿಂತ ಅದು ನ್ಯಾಯವಾಗಿಯೇ ಇತ್ತು. ಆದರೆ ಸರದಿಯಲ್ಲಿರುವವನು ನಿದ್ದೆಯಿಂದ ಎದ್ದು ಬರುವವರೆಗೆ ಲಾಕ್ ಸುಮ್ಮನೆ ಕಾಯಬೇಕಾಗಿತ್ತು, ಮೊದಲಾದರೆ ಆಗಲೇ ಓಡುತ್ತಿದ್ದ ಬೇರೊಬ್ಬರು ಅದನ್ನು ಎತ್ತಿಕೊಂಡು ಕೆಲಸ ಮುಗಿಸುತ್ತಿದ್ದರು. ಕೊನೆಗೆ ಆ ಕಮಿಟ್ಟನ್ನು ಹಿಂತೆಗೆಯಲಿಲ್ಲ. ಸರದಿ ತಪ್ಪಿಸುವುದಕ್ಕೆ ಮೂಲನಿಯತವಾಗಿ ಐದು ಸಲದ ಮಿತಿಯಿಟ್ಟು ಅವಕಾಶ ಕೊಟ್ಟು, ಅದೇ ಅಕ್ಟೋಬರ್‌ನಲ್ಲಿ ಆವೃತ್ತಿಯನ್ನು ಹೊರತಂದರು. ಬೈಸೆಕ್ಟ್‌ನ ಉತ್ತರದಿಂದ ಈ ತಿದ್ದುಪಡಿಯವರೆಗಿನ ದಾರಿಯನ್ನು ಯಾವ ಉಪಕರಣವೂ ತಾನಾಗಿ ಕ್ರಮಿಸುವುದಿಲ್ಲ.

ಇದಕ್ಕೆ ವಿರುದ್ಧವಾದ ಸಂಗತಿಯೂ ಉಂಟು. ಇಂಟೆಲ್ ನಡೆಸುವ ಸ್ವಯಂಚಾಲಿತ ಪರೀಕ್ಷಾ ವ್ಯವಸ್ಥೆ ಕರ್ನಲ್‌ನ ಕಮಿಟ್‌ಗಳನ್ನು ಅಳೆದು ಕುಸಿತವನ್ನೂ ಏರಿಕೆಯನ್ನೂ ತಿಳಿಸುತ್ತಿರುತ್ತದೆ. ಕೆಲವು ಸಲ ಅದು ಹೆಸರಿಸಿದ ಕಮಿಟ್ ಆ ಬೆಂಚ್‌ಮಾರ್ಕ್ ಮುಟ್ಟುವ ಸಂಕೇತವನ್ನೇ ಬದಲಿಸಿರುವುದಿಲ್ಲ, ಆದರೆ ಅದು ಸೇರಿಸಿದ ನಾಲ್ಕು ಸಾಲುಗಳಿಂದ ಮುಂದಿನ ಫಂಕ್ಷನ್‌ಗಳೆಲ್ಲ ಸರಿದು ಬೇರೆ ವಿಳಾಸದಲ್ಲಿ ಕೂತಿರುತ್ತವೆ, ಪದೇ ಪದೇ ಓಡುವ ಒಂದು ಲೂಪ್ ಎರಡು ಕ್ಯಾಶ್ ಸಾಲುಗಳ ಮೇಲೆ ಹರಡಿರುತ್ತದೆ. ಇಂಥ ಅನುಮಾನವನ್ನು ನಿವಾರಿಸಲೆಂದೇ ಪ್ರತಿ ಫಂಕ್ಷನ್ನನ್ನೂ 64 ಬೈಟ್‌ಗಳ ಗಡಿಗೆ ಕೂರಿಸುವ ಒಂದು ಆಯ್ಕೆಯನ್ನು ಕರ್ನಲ್‌ನ ಕಾನ್ಫಿಗ್‌ನಲ್ಲಿ ಸೇರಿಸಲಾಗಿದೆ. ಆ ಆಯ್ಕೆಯೊಂದಿಗೆ ಎರಡೂ ಕರ್ನಲ್‌ಗಳನ್ನು ಮತ್ತೆ ಬಿಲ್ಡ್ ಮಾಡಿದಾಗ ವ್ಯತ್ಯಾಸ ಮಾಯವಾದರೆ ಕಮಿಟ್ಟಿನ ತರ್ಕವನ್ನು ದೂರಬೇಕಾಗಿಲ್ಲ. ನಾನು ಇದನ್ನೂ ಮಾಡಿ ನೋಡಿದೆ. ನಮ್ಮ ಶೇಕಡಾ 11 ಹಾಗೆಯೇ ಉಳಿಯಿತು.

ಪರ್ಫ್‌ನ ಮೇಲಿನ ದೂರುಗಳು ಬೇರೆ ಬಗೆಯವು. ಅದರ ಉಪ ಆದೇಶಗಳು ಹಲವರು ಹಲವು ಕಾಲದಲ್ಲಿ ಸೇರಿಸಿದವು, ಒಂದರ ಆಯ್ಕೆಗಳು ಇನ್ನೊಂದಕ್ಕೆ ಹೋಲುವುದಿಲ್ಲ. ಕೈಪಿಡಿಯ ಪುಟಗಳು ಆಯ್ಕೆಗಳನ್ನು ಪಟ್ಟಿ ಮಾಡುತ್ತವೆಯೇ ಹೊರತು ಬಂದ ಅಂಕಿಯನ್ನು ಹೇಗೆ ಓದಬೇಕೆಂದು ಕಲಿಸುವುದಿಲ್ಲ. ಮಾದರಿ ಒಂದು ಸೂಚನೆ ಮುಂದೆ ಬೀಳುವ ವಿಚಾರವನ್ನು ನಾನು ಕಲಿತದ್ದು ಸಹೋದ್ಯೋಗಿಯಿಂದ. ಸಾಮಾನ್ಯ ಬಳಕೆದಾರರಿಗೆ ಕರ್ನಲ್‌ನ ಒಳಗಿನ ಮಾದರಿಗಳನ್ನು ನೋಡಲು ಮೂಲನಿಯತ ಅನುಮತಿ ಇರುವುದಿಲ್ಲ, ಅದು ಸುರಕ್ಷತೆಯ ದೃಷ್ಟಿಯಿಂದ ಸರಿಯೇ, ಆದರೆ ಆಗ ಬರುವ ಸಂದೇಶ ಓದುವವರನ್ನು ಗಾಬರಿಗೊಳಿಸುವಷ್ಟು ಉದ್ದವಾಗಿದೆ. ಸಿಟುಸಿಗೆ ಮೆಮೊರಿಯ ಮಾದರಿ ತೆಗೆಯುವ ಹಾರ್ಡ್‌ವೇರ್ ಬೆಂಬಲ ಬೇಕು, ಅದು ಎಲ್ಲ ಯಂತ್ರಗಳಲ್ಲೂ ಇರುವುದಿಲ್ಲ, ಮತ್ತು ಅದರ ಕೋಷ್ಟಕ ಎಷ್ಟು ಅಗಲವೆಂದರೆ ದೊಡ್ಡ ಪರದೆಯಲ್ಲೂ ಒಂದು ಸಾಲು ಮಡಚಿಕೊಳ್ಳುತ್ತದೆ. ಇಷ್ಟಾದರೂ ಅದು ತೋರಿಸಿದ್ದನ್ನು ಬೇರೆ ಯಾವುದರಿಂದಲೂ ನಾನು ಕಾಣುತ್ತಿರಲಿಲ್ಲ.

ಎಣಿಕೆಯನ್ನು ಸ್ಟ್ರಕ್ಟ್‌ನಿಂದ ತೆಗೆದು, ಪ್ರತಿ ಸಿಪಿಯುವಿಗೂ ಬೇರೆ ಬೇರೆ ಎಣಿಕೆಯಿರುವಂತೆ ಮಾಡಿ, ಓದುವಾಗ ಮಾತ್ರ ಎಲ್ಲವನ್ನೂ ಕೂಡುವಂತೆ ತಿದ್ದಿದೆವು. ಅದೇ ಸ್ಕ್ರಿಪ್ಟ್, ಅದೇ ಮೂರು ಬೂಟ್, ಅದೇ ಒಂಬತ್ತು ಓಟಗಳಲ್ಲಿ ಮಧ್ಯಾಂಕ ಹಳೆಯ ಕರ್ನಲ್‌ನ ಜೊತೆಗೇ ನಿಂತಿತು, ಸಿಟುಸಿಯ ಕೋಷ್ಟಕದಿಂದ ಆ ಸಾಲು ಕಾಣೆಯಾಯಿತು. ಸ್ಟ್ರಕ್ಟ್‌ನ ವಿನ್ಯಾಸವನ್ನು ಪಾಹೋಲ್ ಎಂಬ ಉಪಕರಣದಿಂದ ತೆಗೆದು ನೋಡಿದರೆ ಆ ನಾಲ್ಕು ಬೈಟ್‌ಗಳ ತೆರವು ಮೊದಲಿದ್ದಲ್ಲೇ ಇದೆ. ಅದರ ಪಕ್ಕದಲ್ಲಿ ಈಗ ಮೂರು ಸಾಲಿನ ಒಂದು ಟಿಪ್ಪಣಿ ಬರೆದಿದ್ದೇವೆ: ಈ ಕ್ಯಾಶ್ ಸಾಲನ್ನು ಪ್ರತಿ ಪ್ಯಾಕೆಟ್ಟಿಗೂ ಎಲ್ಲ ಕೋರ್‌ಗಳು ಓದುತ್ತವೆ, ಇಲ್ಲಿ ಬರೆಯುವಂಥದ್ದೇನನ್ನೂ ಇಡಬಾರದು, ಇಡಲೇಬೇಕಾದರೆ ಮೊದಲು ಅಳೆಯಬೇಕು.